ಹಳಸಿದ್ದು ಗೊತ್ತಿದ್ರೂ ಕಿಚನ್ ಹುಡುಗ್ರು ಯಾಕೆ ಬಾಯಿ ಬಿಡಲ್ಲ? ತಪ್ಪು ಅವರದೋ, ಮೇಲಿನವರದೋ?

ಕ್ವಾಲಿಟಿ_ಕಮಲಿ:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಹತ್ರ ಒಂದು ಸೆಂಟ್ರಲ್ ಕಿಚನ್‌ನಲ್ಲಿ ಕ್ವಾಲಿಟಿ ನೋಡ್ಕೋತೀನಿ. ಐಟಿ ಕಂಪನಿಗಳ ಕ್ಯಾಂಟೀನುಗಳಿಗೆ ನಮ್ಮಲ್ಲಿಂದ ಊಟ ಹೋಗುತ್ತೆ.

ಮೊನ್ನೆ ಬೆಳಿಗ್ಗೆ ಶಿಫ್ಟಿಗೆ ಬಂದ್ರೆ ಕೋಲ್ಡ್ ರೂಮ್ ಮೀಟರ್ 13 ಡಿಗ್ರಿ ತೋರಿಸ್ತಿತ್ತು. 5ರ ಒಳಗಿರಬೇಕು. ಬಾಗಿಲಿನ ರಬ್ಬರ್ ಕಿತ್ತು ನೇತಾಡ್ತಿದೆ, ಒಳಗೆ ಪನ್ನೀರು, ಹೆಚ್ಚಿಟ್ಟ ತರಕಾರಿ, ಹಿಂದಿನ ದಿನದ ಗ್ರೇವಿ. ಪಕ್ಕದಲ್ಲೇ ನೇತುಹಾಕಿರೋ ಶೀಟ್ ನೋಡಿ: ರಾತ್ರಿ 10ಕ್ಕೆ 4, 12ಕ್ಕೆ 4, 2ಕ್ಕೆ 4, 4 ಗಂಟೆಗೂ 4. ಒಂದೇ ಪೆನ್ನು, ಒಂದೇ ಓಟದಲ್ಲಿ ಗೀಚಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ.

ನೈಟ್ ಶಿಫ್ಟ್ ಹುಡುಗನ್ನ ಪಕ್ಕಕ್ಕೆ ಕರೆದು ಕೇಳಿದೆ. "ರಬ್ಬರ್ ಹೋಗಿ ವಾರ ಆಯ್ತು ಮೇಡಂ" ಅಂದ. ಮತ್ತೆ ಯಾಕಪ್ಪಾ ಹೇಳ್ಲಿಲ್ಲ ಅಂದ್ರೆ, "ಮೊಸರು ಹುಳಿ ಬಂದಿದೆ ಅಂತ ಹೇಳಿದವನು ಈಗ ಎಲ್ಲಿದಾನೆ ನೋಡಿದೀವಲ್ಲ" ಅಂದ. ಆ ಹುಡುಗ ಈಗ ಪಾತ್ರೆ ತೊಳೆಯೋ ಸೆಕ್ಷನ್‌ನಲ್ಲಿದಾನೆ. ಕಳಿಸಿದ್ದು ಕಿಚನ್ ಮ್ಯಾನೇಜರ್.

ನಮ್ಮ ಎಂಡಿ ಕೆಟ್ಟ ಮನುಷ್ಯ ಏನಲ್ಲ. ಪ್ರತಿ ಮೀಟಿಂಗ್‌ನಲ್ಲೂ "ಏನಿದ್ರೂ ನೇರ ನನ್ನ ಹತ್ರ ಬನ್ನಿ" ಅಂತಾರೆ. ಗೋಡೆ ತುಂಬಾ ಪೋಸ್ಟರ್ ಇದೆ, ಫೋಸ್ಟ್ಯಾಕ್ ಅನ್ನೋ ಆಹಾರ ಸುರಕ್ಷತೆ ಟ್ರೈನಿಂಗೂ ಆಗಿದೆ. ಆದ್ರೂ ಒಬ್ಬನೂ ಬರಲ್ಲ. ನಿಮ್ಮ ಕಡೆ ಹೇಗೆ? ಏನು ಮಾಡಿದ್ರೆ ಹುಡುಗ್ರು ಬಾಯಿ ಬಿಡ್ತಾರೆ?

ಗಲ್ಲಾಪೆಟ್ಟಿಗೆ:
ಬೇಜಾರ್ ಮಾಡ್ಕೋಬೇಡಿ ಮೇಡಂ, ಭಯ ಗಿಯ ಎಲ್ಲಾ ಸುಮ್ನೆ ಮಾತು. ದಾವಣಗೆರೆಲಿ ದರ್ಶಿನಿ ನಡೆಸ್ತಿದೀನಿ. ಈಗ ಭಯ ಇರೋದು ಓನರ್‌ಗೆ. ಸ್ವಲ್ಪ ದನಿ ಏರಿಸಿದ್ರೆ ಬ್ಯಾಗ್ ಎತ್ಕೊಂಡು ಎದುರಿನ ಹೋಟೆಲ್‌ಗೆ ಹೋಗ್ತಾರೆ, ಕೊಟ್ಟ ಅಡ್ವಾನ್ಸೂ ಗೋವಿಂದ. ಮೀಟರ್ ನೋಡಿ ಒಂದು ನಂಬರ್ ಬರೆಯೋಕೆ ಆಗಲ್ಲ ಅಂದ್ರೆ ಅದು ಸೋಮಾರಿತನ, ಅದಕ್ಕೆ ಓನರ್ ಏನು ಮಾಡ್ಬೇಕು?

ಅಂದಹಾಗೆ ಆ ಗ್ರೇವಿ ಚೆನ್ನಾಗಿ ಕುದಿಸಿದ್ರೆ ಏನೂ ಆಗ್ತಿರಲಿಲ್ಲ. ಚೆಲ್ಲಿಬಿಟ್ರಾ?

ಸೊಪ್ಪಿನಸಾರು:
ಬ್ಯಾಗ್ ಎತ್ಕೊಂಡು ಹೋಗ್ತಾರೆ ಅಂದ್ರಲ್ಲ ಸಾರ್, ಹೇಳೋದನ್ನ ಹಾಗೇ ಹೇಳ್ತಿರೋದು ಅವರು. ಹೇಳಿ ಬೈಸ್ಕೊಳ್ಳೋದಕ್ಕಿಂತ ಎದುರಿನ ಹೋಟೆಲ್ ವಾಸಿ.

ಸೂಕ್ಷ್ಮಾಣು_ಮೈಸೂರು:
@ಗಲ್ಲಾಪೆಟ್ಟಿಗೆ, ಕುದಿಸಿದ್ರೆ ಎಲ್ಲಾ ಸರಿ ಹೋಗುತ್ತೆ ಅನ್ನೋದು ತಪ್ಪು. ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ತಗೊಳ್ಳಿ. ಅದರ ಬೀಜಾಣು ಅನ್ನ ಬೇಯುವಾಗಲೂ ಸಾಯಲ್ಲ. ರಾತ್ರಿ ಅನ್ನವನ್ನ ಕೊಪ್ಪರಿಗೆಯಲ್ಲೇ ಮುಚ್ಚಿಟ್ರೆ ಮೊಳೆತು ವಾಂತಿ ತರಿಸೋ ವಿಷ ಬಿಡುತ್ತೆ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದಾಗ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಹೋಗಲ್ಲ, ಕುದಿಯೋ ಶಾಖಕ್ಕೂ ಬಗ್ಗಲ್ಲ ಅದು. ವಾಸನೆಯಲ್ಲೂ ಗೊತ್ತಾಗಲ್ಲ.

ಅದಕ್ಕೇ ಈ ವಿಷಯದಲ್ಲಿ ಯಂತ್ರಕ್ಕಿಂತ ಬಾಯಿ ಮುಖ್ಯ. ಅನ್ನ ಎಷ್ಟು ಹೊತ್ತಿಗೆ ಇಳಿಸಿದ್ದು, ಎಷ್ಟು ಹೊತ್ತು ಹೊರಗಿತ್ತು ಅಂತ ಗೊತ್ತಿರೋದು ರಾತ್ರಿ ಇದ್ದ ಹುಡುಗನಿಗೆ ಮಾತ್ರ. ಅವನು ಹೇಳದಿದ್ರೆ ಬೆಳಿಗ್ಗೆ ಬಂದ ನಿಮಗೂ ಗೊತ್ತಾಗಲ್ಲ, ಇನ್‌ಸ್ಪೆಕ್ಟರಿಗೂ ಗೊತ್ತಾಗಲ್ಲ.

ಗಲ್ಲಾಪೆಟ್ಟಿಗೆ:
ನಮ್ಮಜ್ಜಿ ತಂಗಳನ್ನ ತಿಂದೇ 90 ದಾಟಿದ್ರು ಬಿಡಿ.

ಸೂಕ್ಷ್ಮಾಣು_ಮೈಸೂರು:
ನಿಮ್ಮಜ್ಜಿ ಮಡಕೆಯಲ್ಲಿ ನೀರು ಹಾಕಿ ಹುಳಿ ಬರಿಸಿ ತಿಂದ್ರು ಸಾರ್. 40 ಕೆಜಿ ಅಕ್ಕಿ ಅನ್ನವನ್ನ ಸ್ಟೀಲ್ ಕೊಪ್ಪರಿಗೆಯಲ್ಲಿ ಬಿಸಿಯಾಗೇ ಮುಚ್ಚಿಡಲಿಲ್ಲ.

ಮಾಣಿ_ಕುಂದಾಪ್ರ:
ನಾನು ಕ್ಲೀನರ್ ಆಗಿ ಶುರು ಮಾಡಿದವ. ಮುಂಬೈ ಫೋರ್ಟ್ ಕಡೆ, 80ರ ದಶಕ. ಇಬ್ಬರು ಧಣಿಗಳ ಕೈಕೆಳಗೆ ಕೆಲಸ ಮಾಡಿದ್ದೇನೆ, ಎರಡೂ ಹೇಳ್ತೇನೆ ಕೇಳಿ.

ಮೊದಲನೆಯವರ ಬಾಯಿ ಭಯಂಕರ. ಬೈಗುಳ ಇಲ್ಲದೆ ಹೆಸರು ಕರೆದವರೇ ಅಲ್ಲ. ಆದರೆ ಒಂದು ದಿನ ಬೆಳಿಗ್ಗೆ ಹಿಟ್ಟಿನ ಸೆಕ್ಷನ್‌ನ ಸಣ್ಣ ಮಾಣಿಯೊಬ್ಬ ಗಲ್ಲಾದ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. ಹಿಟ್ಟು ಬೇರೆ ವಾಸನೆ ಬರ್ತಾ ಉಂಟು ಅಂದ. ಹೊರಗೆ ಆಫೀಸಿಗೆ ಹೋಗುವವರ ಕ್ಯೂ. ಧಣಿ ಎಣಿಸ್ತಾ ಇದ್ದ ನೋಟನ್ನು ಅಲ್ಲೇ ಬಿಟ್ಟು ಒಳಗೆ ಹೋದರು, ತೋಳು ಮಡಚಿ ಹಿಟ್ಟಿನ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿದರು. ಮೇಲಿನ ಹಿಟ್ಟು ಸರಿ ಇತ್ತು, ತಳದಲ್ಲಿ ಹಿಂದಿನ ದಿನದ್ದು ಕೆರೆಯದೆ ಬಿಟ್ಟದ್ದು. ಮೂಸಿ ನೋಡಿ ಅಷ್ಟನ್ನೂ ಮೋರಿಗೆ ಹೊಯ್ಯಿಸಿದರು. ಆ ದಿನ ಇಡ್ಲಿ ಇಲ್ಲ, ಉಪ್ಪಿಟ್ಟು ಮಾತ್ರ ಅಂತ ಬೋರ್ಡಿನಲ್ಲಿ ಅವರೇ ಬರೆದರು. ಮಾಣಿಗೆ ಶಹಬ್ಬಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ಅವನು ಮೂಸದೆ ಹಿಟ್ಟು ಹೊರಗೆ ಬರಬಾರದು ಅಂತ ಮಾತ್ರ ಹೇಳಿದರು. ಆಮೇಲೆ ಆ ಹೋಟೆಲಿನಲ್ಲಿ ಎಲ್ಲರೂ ಹೇಳುವವರೇ! ಕಾಫಿಪುಡಿ ಹಳೇದು, ತೆಂಗಿನಕಾಯಿ ಕಮಟು ಅಂತ ದಿನಾ ದೂರು, ಕಿರಿಕಿರಿ ಆಗುವಷ್ಟು.

ಎರಡನೆಯವರು ದೇವರಂಥ ಮಾತು, "ಮಗಾ" ಅಂತಲೇ ಕರೀತಿದ್ದರು. ಆದರೆ ಚೆಲ್ಲಿದ ಸಾಮಾನಿನ ಲೆಕ್ಕ ತಿಂಗಳ ಕೊನೆಗೆ ಭಟ್ರ ಸಂಬಳದಲ್ಲಿ. ಅಲ್ಲಿ ಮಧ್ಯಾಹ್ನದ ಚಟ್ನಿ ಸಂಜೆಯ ಚಟ್ನಿಗೆ ಸೇರ್ತಿತ್ತು, ಎಲ್ಲರೂ ನೋಡ್ತಿದ್ದೆವು, ಒಬ್ಬರೂ ಉಸಿರೆತ್ತಿಲ್ಲ. ಯಾಕೆ ಎತ್ತಬೇಕು ಮಾರಾಯ್ರೆ? ಎತ್ತಿದರೆ ಭಟ್ರ ಹೆಂಡತಿ ಮಕ್ಕಳ ಅನ್ನಕ್ಕೆ ಕೈ.

ಬೆಲ್ಲದಚ್ಚು:
ಚೆಲ್ಲಿದ್ದರ ದುಡ್ಡು ಯಾರ ತಲೆ ಮೇಲೆ? ಮಿಕ್ಕಿದ್ದೆಲ್ಲಾ ಪುರಾಣ.

ರೊಟ್ಟಿ_ಧಾರವಾಡ:
ನಮ್ಮ ಕಡೆ ಖಾನಾವಳ್ಯಾಗ ಇಂಥಾ ತ್ರಾಸೇ ಇಲ್ರೀ. ರೊಟ್ಟಿ ಬಡಿಯಾಕೀನೂ ಅಕ್ಕನ, ರೊಕ್ಕ ಎಣಿಸಾಕೀನೂ ಅಕ್ಕನ. ಪಲ್ಯಾ ಹಳಸಿದ್ರ ತಾನ ಚೆಲ್ತಾಳ, ತನಗ ತಾನ ಬೈಕೋತಾಳ, ಊಟಕ್ಕ ಬಂದವ್ರಿಗೂ ನಾಕು ಬೈತಾಳ.

ಗಲ್ಲಾಪೆಟ್ಟಿಗೆ:
ಹಹ್ಹಾ, ಅಕ್ಕನ ಖಾನಾವಳಿಗೆ ಆನ್‌ಲೈನ್ ಆರ್ಡರ್ ಕಮಿಷನ್ ಇಲ್ವಲ್ಲ, ನಡೆಯುತ್ತೆ.

ಬಿಸಿಯೂಟದ_ಮನೆ:
ನಮ್ಮಮ್ಮ ತುಮಕೂರು ಜಿಲ್ಲೆ ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡ್ತಾರೆ. ಗೌರವಧನದ ಕೆಲಸ, ಖಾಯಂ ಅಲ್ಲ. ಬೇಡ ಅಂದ್ರೆ ನಾಳೆಯಿಂದ ಇಲ್ಲ. ಹೀಗಿರೋರು ಹೆಡ್‌ಮೇಷ್ಟ್ರ ಮುಂದೆ ನಿಂತು "ಬೇಳೆ ಸರಿ ಇಲ್ಲ ಸಾರ್" ಅನ್ನೋದು ಎಷ್ಟು ಕಷ್ಟ ಅಂತ ಇಲ್ಲಿ ಕೂತು ಸೋಮಾರಿತನ ಅನ್ನೋರಿಗೆ ಗೊತ್ತಾಗಲ್ಲ.

ಬಿಹಾರದ್ದು ನೆನಪಿದೆಯಾ? 2013ರ ಜುಲೈ 16, ಸಾರಣ್ ಜಿಲ್ಲೆಯ ಶಾಲೆ. 23 ಮಕ್ಕಳು ಸತ್ತವು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಇತ್ತು. ಅಡುಗೆಯವಳು ಎಣ್ಣೆ ಸರಿ ಇಲ್ಲ ಅಂತ ಹೇಳಿದ್ದಳು ಅನ್ನೋದು ಆಗಿನ ಪತ್ರಿಕೆಗಳಲ್ಲೆಲ್ಲಾ ಬಂತು. ಮುಖ್ಯ ಶಿಕ್ಷಕಿ ಕಿವಿಗೆ ಹಾಕಿಕೊಳ್ಳಲಿಲ್ಲ, ಅದರಲ್ಲೇ ಮಾಡು ಅಂದರು. ಆ ಅಡುಗೆಯವಳೂ ಅದೇ ಊಟ ತಿಂದು ಆಸ್ಪತ್ರೆ ಸೇರಿದಳು. 2016ರಲ್ಲಿ ಕೆಳಗಿನ ಕೋರ್ಟು ಮುಖ್ಯ ಶಿಕ್ಷಕಿಗೆ ಶಿಕ್ಷೆ ಕೊಟ್ಟಿತು.

ಅಲ್ಲಿ ಬಾಯಿ ಬಿಟ್ಟಾಗಿತ್ತು ನೋಡಿ. ಹೇಳಿದ ಮೇಲೂ ಅಡುಗೆ ನಿಲ್ಲಲಿಲ್ಲ. ಹುಡುಗ್ರು ಯಾಕೆ ಹೇಳಲ್ಲ ಅಂತ ಇಷ್ಟು ಹೊತ್ತು ಮಾತಾಡ್ತಿದೀವಿ, ಹೇಳಿದ್ದನ್ನ ಯಾರು ಕೇಳಿಸ್ಕೊಂಡ್ರು ಅಂತ ಯಾರೂ ಕೇಳ್ತಿಲ್ಲ.

ಸೊಪ್ಪಿನಸಾರು:
ಮಕ್ಕಳಿಗೆ ಬಡಿಸೋ ಮೊದಲು ಮೇಷ್ಟ್ರೇ ರುಚಿ ನೋಡ್ಬೇಕು ಅನ್ನೋ ನಿಯಮ ಇದೆಯಲ್ಲ? ಅದನ್ನ ಪಾಲಿಸ್ತಾರಾ?

ಬಿಸಿಯೂಟದ_ಮನೆ:
ಈಗಿರೋ ಮೇಡಂ ಪಾಲಿಸ್ತಾರೆ. ಸಹಿ ಮಾಡೋ ಪುಸ್ತಕದ ಪಕ್ಕದಲ್ಲೇ ತಟ್ಟೆ ಇಟ್ಕೊಂಡು ತಿಂತಾರೆ. ಮುಂಚೆ ಇದ್ದವರು ಬರೀ ಸಹಿ. ಹೋದ ವರ್ಷ ಸಾರಿನಲ್ಲಿ ಹಲ್ಲಿ ಸಿಕ್ಕಿತ್ತು. ಅಮ್ಮ ನಡುಗ್ತಾ ಹೋಗಿ ಹೇಳಿದ್ರು. ಮೇಡಂ ಮೊದಲು ಕೇಳಿದ್ದು "ಯಾವ ಮಗುವಾದ್ರೂ ತಿಂದಿದೆಯಾ?" ಅಂತ. ಇಲ್ಲ ಅಂದ ಮೇಲೆ ಅಂಗಡಿಯಿಂದ ಅವಲಕ್ಕಿ ಮೊಸರು ತರಿಸಿ, ಬಿಇಓ ಆಫೀಸಿಗೆ ತಾವೇ ಫೋನ್ ಮಾಡಿದ್ರು. "ಹೇಗೆ ಬಿತ್ತು" ಅನ್ನೋ ವಿಚಾರಣೆ ಸಾಯಂಕಾಲ. ಮುಂಚಿನವರಾಗಿದ್ರೆ ಅಮ್ಮ ಹಲ್ಲಿ ತೆಗೆದೆಸೆದು ಬಾಯಿ ಮುಚ್ಕೊಂಡಿರ್ತಿದ್ರು ಅಂತ ಅವರೇ ಹೇಳ್ತಾರೆ.

ನರ್ಸಕ್ಕ:
ಹೋಟೆಲ್ ನನಗೆ ಗೊತ್ತಿಲ್ಲ, ಆಸ್ಪತ್ರೆ ಗೊತ್ತು. ಹಾರ್ವರ್ಡ್‌ನ ಎಮಿ ಎಡ್ಮಂಡ್‌ಸನ್ 90ರ ದಶಕದಲ್ಲಿ ಆಸ್ಪತ್ರೆ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳನ್ನ ಲೆಕ್ಕ ಹಾಕಿದ್ರು. ಒಳ್ಳೆ ಹೆಡ್ ನರ್ಸ್ ಇರೋ ವಾರ್ಡಲ್ಲಿ ತಪ್ಪು ಕಡಿಮೆ ಇರುತ್ತೆ ಅಂದ್ಕೊಂಡು ಹೋದ್ರೆ, ಅಂಥ ಕಡೆಯೇ ಜಾಸ್ತಿ ದಾಖಲಾಗಿತ್ತು. ತಪ್ಪು ಜಾಸ್ತಿ ಮಾಡ್ತಿದ್ರು ಅಂತಲ್ಲ, ಮುಚ್ಚಿಡ್ತಿರಲಿಲ್ಲ ಅಷ್ಟೇ. ಬೈಯೋ ವಾರ್ಡುಗಳ ರಿಜಿಸ್ಟರ್ ಫಳಫಳ.

ಕಮಲಿಯವರೇ, ನಿಮ್ಮ 4, 4, 4, 4 ನೋಡಿದಾಗ ಅದೇ ನೆನಪಾಯ್ತು. ನಿಜವಾದ ಕೋಲ್ಡ್ ರೂಮಿನ ಶೀಟ್‌ನಲ್ಲಿ 3 ಇರುತ್ತೆ, 6 ಇರುತ್ತೆ, ಸಾಮಾನು ಇಳಿಸಿದಾಗ 8 ಬರೆದು "ಬಾಗಿಲು ತೆಗೆದಿತ್ತು" ಅಂತ ಪಕ್ಕದಲ್ಲಿರುತ್ತೆ. 8 ಬರೆದವನಿಗೆ ನಿಮ್ಮ ಮ್ಯಾನೇಜರ್ ಏನಂತಾರೆ ಅನ್ನೋದೇ ವಿಷಯ.

ಕ್ವಾಲಿಟಿ_ಕಮಲಿ:
ಏನಂತಾರೆ ಗೊತ್ತಾ ಅಕ್ಕ? "ಆಡಿಟ್‌ಗೆ ಇದು ತೋರಿಸೋಕಾಗುತ್ತಾ, ಬೇರೆ ಶೀಟ್ ಬರಿ" ಅಂತಾರೆ. ನನ್ನೆದುರೇ ಹೇಳಿದಾರೆ.

ಜಾರ್ಜಿಯಾ_ಕನ್ನಡಿಗ:
ನಾನಿರೋ ರಾಜ್ಯದಲ್ಲೇ ಆದದ್ದು, ಅದಕ್ಕೆ ಬರೀತಿದೀನಿ. ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಅಂತ ಕಡಲೆಕಾಯಿ ಕಂಪನಿ, ಬ್ಲೇಕ್ಲಿ ಅನ್ನೋ ಊರಲ್ಲಿ ಕಾರ್ಖಾನೆ. 2008-09ರಲ್ಲಿ ಅದರ ಮಾಲಿನಿಂದ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ರು, 9 ಜನ ಸತ್ರು. ಲ್ಯಾಬ್ ವರದಿ ಬರೋ ಮೊದಲೇ ಮಾಲು ಕಳಿಸಿಬಿಡಿ ಅಂತ ಮಾಲೀಕ ಬರೆದ ಇಮೇಲ್‌ಗಳು ಕೋರ್ಟಿಗೆ ಬಂದವು. ಟೆಕ್ಸಾಸ್ ಘಟಕದಲ್ಲಿದ್ದ ಸಹಾಯಕ ಮ್ಯಾನೇಜರ್ ಒಬ್ಬ ಅದಕ್ಕೂ ಮುಂಚೆಯೇ ಹೆಸರು ಹಾಕದೆ ಸರ್ಕಾರಿ ಇಲಾಖೆಗೆ ಬರೆದಿದ್ದ, ಏನೂ ಆಗಲಿಲ್ಲ.

2015ರಲ್ಲಿ ಮಾಲೀಕನಿಗೆ 28 ವರ್ಷ ಜೈಲು. ಕಮಲಿಯವರು ಗಮನಿಸಬೇಕಾದ್ದು ಇನ್ನೊಂದಿದೆ: ಕ್ವಾಲಿಟಿ ಮ್ಯಾನೇಜರ್‌ಗೂ 5 ವರ್ಷ. ತನಿಖೆಗೆ ಅಡ್ಡಿ ಮಾಡಿದ್ದಕ್ಕೆ. ಬೇರೆ ಶೀಟ್ ಬರೆಸೋರ ಕೈಕೆಳಗೆ ಸುಮ್ನಿರೋದು ಸೇಫ್ ಅಂದ್ಕೋಬೇಡಿ.

ಕರಿಕೋಟು:
ಮೇಲಿನ ಮಾತಿಗೆ ನಮ್ಮ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಆಹಾರ ಸುರಕ್ಷತೆ ಕಾಯ್ದೆ 2006ರ ಕಲಂ 66 ಓದಿ. ಕಂಪನಿ ತಪ್ಪು ಮಾಡಿದ್ರೆ ಆ ಹೊತ್ತಿಗೆ ಉಸ್ತುವಾರಿಯಲ್ಲಿದ್ದವರು ಹೊಣೆ. ಹಲವು ಘಟಕ ಇದ್ರೆ ಕಂಪನಿ ಒಂದೊಂದಕ್ಕೂ ಒಬ್ಬೊಬ್ಬರನ್ನ ಹೊಣೆಗಾರರು ಅಂತ ನಾಮನಿರ್ದೇಶನ ಮಾಡಬಹುದು, ಅದಕ್ಕೆ ಫಾರಂ 9 ಇದೆ. ಎಷ್ಟೋ ಕಡೆ ಎಂಡಿ ಹೆಸರು ಬಿಟ್ಟು ಕ್ವಾಲಿಟಿಯವರ ಸಹಿ ಹಾಕಿಸಿರ್ತಾರೆ, ಕೆಲಸಕ್ಕೆ ಸೇರುವಾಗ ಕೊಟ್ಟ ಕಾಗದದ ಕಟ್ಟಿನಲ್ಲಿ. ಕಮಲಿಯವರೇ, ಇವತ್ತೇ ನೋಡ್ಕೊಳ್ಳಿ. ಅಸುರಕ್ಷಿತ ಆಹಾರದಿಂದ ಸಾವಾದ್ರೆ ಕಲಂ 59ರ ಪ್ರಕಾರ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು.

ಬೆಲ್ಲದಚ್ಚು:
ದೂರು ಕೊಟ್ಟವನಿಗೆ ರಕ್ಷಣೆ ಏನೂ ಇಲ್ವಾ?

ಕರಿಕೋಟು:
ಅಮೆರಿಕದಲ್ಲಿ 2011ರ ಕಾಯ್ದೆಯಲ್ಲಿ ಅದಕ್ಕಂತಲೇ ಕಲಂ ಇದೆ, ದೂರು ಕೊಟ್ಟ ನೌಕರನನ್ನ ತೆಗೆಯೋ ಹಾಗಿಲ್ಲ. ನಮ್ಮ ಕಾಯ್ದೆಯಲ್ಲಿ ಅಂಥದ್ದಿಲ್ಲ. ಕಲಂ 95ರಲ್ಲಿ ಸುಳಿವು ಕೊಟ್ಟವರಿಗೆ ರಾಜ್ಯ ಸರ್ಕಾರ ಬಹುಮಾನ ಕೊಡಿಸಬಹುದು ಅಂತಿದೆ. ಕೆಲಸ ಉಳಿಸೋ ಮಾತಿಲ್ಲ. ಹಾಗಾಗಿ ಒಳಗಿನವರಿಗೆ ಸದ್ಯಕ್ಕಿರೋ ರಕ್ಷಣೆ ಒಳ್ಳೆ ಬಾಸ್ ಒಬ್ಬರೇ, ಸಿಕ್ಕಿದ್ರೆ.

ಗಲ್ಲಾಪೆಟ್ಟಿಗೆ:
ಎಲ್ಲರೂ ಓನರ್ ಮೇಲೇ ಬಿದ್ದಿದೀರಿ. ಗಿರಾಕಿ ಬಗ್ಗೆ ಒಬ್ಬರಾದ್ರೂ ಮಾತಾಡಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕಲರ್ ಹಾಕಬೇಡಿ ಅಂದ ದಿನವೇ ನಿಲ್ಲಿಸ್ದೆ. ಬಂದೋರೆಲ್ಲಾ "ಏನ್ರೀ ಗೋಬಿಗೆ ಜ್ವರ ಬಂದಿದೆಯಾ, ಬಿಳಿಚ್ಕೊಂಡಿದೆ" ಅಂದು ಪಕ್ಕದ ಗಾಡಿಗೆ ಹೋದ್ರು. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಬೇಡ ಅಂದಾಗಲೂ ಅಷ್ಟೇ, ಬಟ್ಟೆ ಒಗೆಯೋಕೆ ಬೇರೆ ಒಬ್ಬ ಆಳು.

ರೊಟ್ಟಿ_ಧಾರವಾಡ:
ಗೋಬಿಗೆ ಜ್ವರ! ಅಣ್ಣಾ ಇದನ್ನ ಬೋರ್ಡ್ ಮ್ಯಾಲೆ ಬರಸ್ರಿ, ಮಂದಿ ಬರ್ತಾರ.

ಸೊಪ್ಪಿನಸಾರು:
ಒಳ್ಳೆ ಕೆಲಸ ಮಾಡಿದೀರಿ ಸಾರ್, ನಿಜ. ಆದ್ರೆ ಕಲರ್ ನಿಲ್ಲಿಸಿದ ಮೇಲೆ ನಿಮ್ಮ ಮಾಸ್ಟರ್ ಡಬ್ಬಿ ಬಿಸಾಡಿದ್ರಾ, ಇನ್ನೂ ಮೇಲಿನ ಶೆಲ್ಫಿನಲ್ಲಿದೆಯಾ? ಇದ್ರೆ ಅದನ್ನ ನಿಮಗೆ ಹೇಳೋ ಹುಡುಗ ಒಬ್ಬ ನಿಮ್ಮಲ್ಲಿದಾನಾ?

ಗಲ್ಲಾಪೆಟ್ಟಿಗೆ:
ಇದಾನೆ ಅಂದ್ಕೊಂಡಿದೀನಿ. ಬೆಳಿಗ್ಗೆ ಕೇಳ್ತೀನಿ.

ಹೆಬ್ಬಾಳದ_ಎಚ್ಚಾರ್:
ಒಂದು ವಿಷಯ ಯಾರೂ ಎತ್ತಲಿಲ್ಲ. ಬೆಂಗಳೂರಿನ ಕಿಚನ್‌ಗಳಲ್ಲಿ ಈಗ ತುಂಬಾ ಜನ ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದವರು. ಮೇನ್ ಭಟ್ರು ಕುಂದಾಪುರ ಕಡೆಯವರು, ಸೂಪರ್‌ವೈಸರ್ ಮಂಡ್ಯ, ಪೋಸ್ಟರ್ ಇಂಗ್ಲಿಷ್. ಆ ಹುಡುಗ "ವಾಸನೆ ಬರ್ತಿದೆ" ಅನ್ನೋದನ್ನ ಯಾವ ಭಾಷೆಯಲ್ಲಿ, ಯಾರ ಹತ್ರ ಹೇಳ್ಬೇಕು? 25 ಜನಕ್ಕೆ ಒಬ್ಬ ಟ್ರೈನಿಂಗ್ ಆದ ಫುಡ್ ಸೇಫ್ಟಿ ಸೂಪರ್‌ವೈಸರ್ ಇರಬೇಕು ಅಂತಿದೆ. ನಾವು ಆ ಒಬ್ಬನನ್ನ ಅವರ ಊರಿನವರಲ್ಲೇ ಆರಿಸಿದ್ವಿ. ಆಮೇಲೆ ಒಂದಾದ್ಮೇಲೊಂದು ವಿಷಯ ಹೊರಗೆ ಬರೋಕೆ ಶುರುವಾಯ್ತು. ಕರಿದ ಎಣ್ಣೆಯನ್ನ ರಾತ್ರಿ ಯಾರೋ ಡಬ್ಬಿ ಲೆಕ್ಕದಲ್ಲಿ ಹೊರಗೆ ಮಾರ್ತಿದ್ದದ್ದೂ ಹಾಗೇ ಗೊತ್ತಾಗಿದ್ದು.

ಇನ್ನೊಂದು, "ನೇರ ನನ್ನ ಹತ್ರ ಬನ್ನಿ" ಅನ್ನೋ ಎಂಡಿಯಿಂದ ಪ್ರಯೋಜನ ಇಲ್ಲ. ರಾತ್ರಿ 2 ಗಂಟೆಗೆ ಅವರೆಲ್ಲಿ ಸಿಗ್ತಾರೆ? ಹುಡುಗನ ಪಾಲಿಗೆ ಬಾಸ್ ಅಂದ್ರೆ ಪಕ್ಕದಲ್ಲಿ ಸೌಟು ಹಿಡಿದು ನಿಂತಿರೋ ಭಟ್ರು. ಎಂಡಿ ದೇವರಾಗಿದ್ದು ಭಟ್ರು ರಾಕ್ಷಸರಾಗಿದ್ರೆ, ಅದು ರಾಕ್ಷಸರ ಕಿಚನ್ನೇ.

ಮಾಣಿ_ಕುಂದಾಪ್ರ:
ಕುಂದಾಪುರದವರೇ ರಾಕ್ಷಸರಾ ಹೆಬ್ಬಾಳದವರೇ? 😄

ಆದರೆ ಮಾತು ಹೌದು. ಭಟ್ರು ಪಾಪ ಯಾರ ಒತ್ತಡದಲ್ಲಿದ್ದಾರೆ ಅಂತಲೂ ನೋಡಿ. ಫುಡ್ ಕಾಸ್ಟ್ ಇಷ್ಟು ಪರ್ಸೆಂಟ್ ದಾಟಿದರೆ ಇನ್ಸೆಂಟಿವ್ ಕಟ್ ಅಂತ ಮೇಲಿನವರು ಹೇಳಿರ್ತಾರೆ. ಅವರಿಗೆ ಹುಡುಗ ಬಂದು ಪನ್ನೀರು ಹಾಳಾಯ್ತು ಅಂದರೆ ಕಿವಿಗೆ ಬೀಳುವುದು "ನಿಮ್ಮ ಇನ್ಸೆಂಟಿವ್ ಹೋಯ್ತು" ಅಂತ.

ಕ್ವಾಲಿಟಿ_ಕಮಲಿ:
ತುಂಬಾ ಜನ ಬರೆದಿದೀರಿ, ಥ್ಯಾಂಕ್ಸ್. ಮೂರು ವಿಷಯ. ಒಂದು, ಫಾರಂ 9 ಹುಡುಕ್ದೆ. ಹೌದು, ನನ್ನ ಹೆಸರೇ ಇದೆ. ಸಹಿ ಹಾಕಿದ ನೆನಪೂ ಇದೆ, ಐಡಿ ಕಾರ್ಡ್ ಫಾರಂ ಜೊತೆ ಕೊಟ್ಟಿದ್ರು. ಎರಡು, ಮಾಣಿಯವರು ಹೇಳಿದ ಇನ್ಸೆಂಟಿವ್ ನಮ್ಮಲ್ಲೂ ಇದೆ, ಕಿಚನ್ ಮ್ಯಾನೇಜರ್‌ಗೆ. ವೇಸ್ಟೇಜ್ ಅದರಲ್ಲೇ ಸೇರುತ್ತೆ. ಮೂರು, ಎಂಡಿ ಹತ್ರ ಇವತ್ತು ಕೂತು ಮಾತಾಡಿದೆ. ಕ್ವಾಲಿಟಿ ಕಾರಣಕ್ಕೆ ಚೆಲ್ಲಿದ್ದನ್ನ ಫುಡ್ ಕಾಸ್ಟ್‌ನಿಂದ ಬೇರೆ ಲೆಕ್ಕಕ್ಕೆ ಹಾಕಿ ಅಂತ ಕೇಳಿದೆ. "ಹಾಗ್ ಮಾಡಿದ್ರೆ ಎಲ್ಲಾ ಚೆಲ್ಲಿ ಕ್ವಾಲಿಟಿ ಅಂತ ಬರೀತಾರೆ" ಅಂದ್ರು. ಅದೂ ಸುಳ್ಳಲ್ಲ ಅನ್ಸುತ್ತೆ. ಪಾತ್ರೆ ಸೆಕ್ಷನ್ ಹುಡುಗನ್ನ ವಾಪಸ್ ತರೋ ಮಾತಿಗೆ "ನೋಡೋಣ" ಅಂದ್ರು.

ನರ್ಸಕ್ಕ:
ಅದೊಂದನ್ನ ಬಿಡಬೇಡಿ ಕಮಲಿ. ಆ ಹುಡುಗ ಎಲ್ಲಿ ನಿಂತು ಕೆಲಸ ಮಾಡ್ತಾನೆ ಅಂತ ಇಡೀ ಕಿಚನ್ ನೋಡ್ತಿರುತ್ತೆ. ನೀವು ಇನ್ನು ಹತ್ತು ಪೋಸ್ಟರ್ ಹಚ್ಚಿದ್ರೂ ಅವರು ಓದೋದು ಅವನನ್ನೇ.

ಕರಿಕೋಟು:
ಫಾರಂ 9ರಲ್ಲಿ ಹೆಸರಿದೆ ಅಂದ್ರೆ ಪ್ರತಿ ವಿಷಯವನ್ನೂ ಇಮೇಲ್‌ನಲ್ಲಿ ಬರೆದು ಕಳಿಸಿ, ಬಾಯಿಮಾತು ಬೇಡ. ಊಟದ ಲೋಡ್ ಹೊರಗೆ ಹೋಗದ ಹಾಗೆ ನಿಲ್ಲಿಸೋ ಅಧಿಕಾರ ನಿಮಗಿದೆ ಅಂತ ಬರಹದಲ್ಲಿ ತಗೊಳ್ಳಿ. ಕೊಡಲ್ಲ ಅಂದ್ರೆ ನಾಮನಿರ್ದೇಶನ ವಾಪಸ್ ತಗೊಳ್ಳೋಕೆ ಪತ್ರ ಕೊಡಿ. ಹೊಣೆ ನಿಮ್ಮದು, ಅಧಿಕಾರ ಅವರದು ಅನ್ನೋದು ನಡೆಯಲ್ಲ.

ಗಲ್ಲಾಪೆಟ್ಟಿಗೆ:
ಎಂಡಿ ಹೇಳಿದ್ದರಲ್ಲಿ ನ್ಯಾಯ ಇದೆ. ಚೆಲ್ಲೋಕೆ ಬಿಟ್ರೆ ಚೆಲ್ತಾನೇ ಇರ್ತಾರೆ. ಮಾಣಿಯವರ ಆ ಫೋರ್ಟ್ ಧಣಿ ಈಗಿನ ಬಾಡಿಗೆ, ಗ್ಯಾಸ್ ರೇಟಲ್ಲಿ ಇದ್ದಿದ್ರೆ ಒಂದು ಡ್ರಮ್ ಹಿಟ್ಟು ಮೋರಿಗೆ ಸುರೀತಿದ್ರಾ? ಕಾಲ ಬೇರೆ ಸ್ವಾಮಿ.

ಮಾಣಿ_ಕುಂದಾಪ್ರ:
ಧಣಿ ತೀರಿಕೊಂಡರು. ಮಗ ನಡೆಸ್ತಾ ಇದ್ದಾನೆ ಈಗಲೂ, ಅದೇ ಜಾಗ, ಅದೂ ಬಾಡಿಗೆಯದ್ದೇ. ಹೋದ ದೀಪಾವಳಿಗೆ ಹೋಗಿದ್ದೆ, ಕ್ಯೂ ಮೆಟ್ಟಿಲಿಂದ ಕೆಳಗೆ ಇತ್ತು.

ಗಲ್ಲಾಪೆಟ್ಟಿಗೆ:
ಪ್ಲೇಟ್ ಇಡ್ಲಿ ಎಷ್ಟಂತೆ ಅಲ್ಲಿ?